ಐರ್ಲೆಂಡಿನ ಹಳ್ಳಿ ಸ್ಮಶಾನ: ಕಲ್ಲು ಓದುವ ಮೊದಲು ನೆಲ ನೋಡಿ

ಪ್ರಶ್ನೆ: ನಾವು ಐರ್ಲೆಂಡಿನ ಡ್ರಾಹೆಡಾದಲ್ಲಿದ್ದೇವೆ. ರಜೆಯ ದಿನ ಹತ್ತಿರದ ಮೊನಾಸ್ಟರ್‌ಬಾಯ್ಸ್ ಎಂಬ ಹಳೆ ಸ್ಮಶಾನ ನೋಡಲು ಹೋಗಿದ್ದೆವು. ಎತ್ತರದ ಕಲ್ಲಿನ ಶಿಲುಬೆ, ದುಂಡನೆ ಗೋಪುರ ಚೆನ್ನಾಗಿವೆ. ಉಳಿದದ್ದು ತಲೆಬುಡ ಗೊತ್ತಾಗಲಿಲ್ಲ. ಸಾವಿರ ವರ್ಷದ ಶಿಲುಬೆಯ ಪಕ್ಕದಲ್ಲೇ ಈಚೆಗೆ ನಿಲ್ಲಿಸಿದ ಗ್ರಾನೈಟ್ ಕಲ್ಲುಗಳು. ಚರ್ಚುಗಳಿಗೆ ಚಾವಣಿ ಇಲ್ಲ, ಅವುಗಳ ಒಳಗೂ ಸಮಾಧಿ. ಸುತ್ತಲಿನ ಹಳ್ಳಿಗಳ ಸ್ಮಶಾನಗಳಲ್ಲಿ ಒಂದಕ್ಷರವೂ ಇಲ್ಲದ ಮೋಟು ಕಲ್ಲುಗಳನ್ನೂ ನೋಡಿದೆವು. ಆ ದೊಡ್ಡ ಶಿಲುಬೆ ಯಾವುದಾದರೂ ರಾಜನ ಸಮಾಧಿಯೇ? ಇಂಥ ಜಾಗದಲ್ಲಿ ಏನನ್ನು, ಹೇಗೆ ನೋಡಬೇಕು?

ಉತ್ತರ: ಶಿಲುಬೆಯ ವಿಷಯ ಮೊದಲು ಮುಗಿಸಿಬಿಡೋಣ. ಅದು ರಾಜನ ಸಮಾಧಿ ಅಲ್ಲ. ಯಾರ ಸಮಾಧಿಯೂ ಅಲ್ಲ.

ಸುಮಾರು ಐದೂವರೆ ಮೀಟರ್ ಎತ್ತರದ, ಮೈತುಂಬ ಕೆತ್ತನೆಯಿರುವ ಶಿಲುಬೆ ಇದೆಯಲ್ಲ, ಅದರ ಪಶ್ಚಿಮ ಮುಖದ ಬುಡಕ್ಕೆ ಬಗ್ಗಿ ನೋಡಿ. ಎರಡು ಬೆಕ್ಕುಗಳು ಕೂತಿವೆ. ಅಲ್ಲೇ ಹಳೆ ಐರಿಷ್ ಭಾಷೆಯಲ್ಲಿ ಒಂದು ಬರಹ. ಈ ಶಿಲುಬೆ ಮಾಡಿಸಿದ ಮುಯಿರೆಡಾಕ್‌ಗಾಗಿ ಪ್ರಾರ್ಥಿಸಿ, ಅಂತ. ಮುಯಿರೆಡಾಕ್ ಇಲ್ಲಿದ್ದ ಮಠದ ಹಿರಿಯ. 923ರಲ್ಲಿ ತೀರಿಕೊಂಡವನೇ ಇವನು ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಅವನು ಮಾಡಿಸಿದ್ದು ತನ್ನ ಗೋರಿಯ ಗುರುತನ್ನಲ್ಲ, ಮಠದ ಅಂಗಳಕ್ಕೊಂದು ಶಿಲುಬೆಯನ್ನು. ಜನ ಅದರ ಸುತ್ತ ನಿಂತು ಪ್ರಾರ್ಥನೆ ಮಾಡುತ್ತಿದ್ದರು, ಬೈಬಲ್ ಕಥೆಗಳನ್ನು ಅದರ ಮೇಲೆ ನೋಡುತ್ತಿದ್ದರು.

ಕಥೆಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿಕೊಂಡು ಹೋಗಿ. ಪೂರ್ವ ಮುಖದ ಕೆಳಗಿನ ಚೌಕದಲ್ಲಿ ಹಣ್ಣಿನ ಮರದ ಕೆಳಗೆ ಆದಾಮ, ಹವ್ವ. ಅದೇ ಚೌಕದಲ್ಲಿ, ಪಕ್ಕದಲ್ಲೇ, ಕಾಯಿನ ತಮ್ಮನನ್ನು ಕೊಲ್ಲುತ್ತಿದ್ದಾನೆ. ಅದರ ಮೇಲೆ ದಾವೀದ ಮತ್ತು ಗೊಲ್ಯಾತ, ಬಂಡೆಯಿಂದ ನೀರು ಹೊರಡಿಸುವ ಮೋಶೆ, ಯೇಸು ಹುಟ್ಟಿದಾಗ ಬಂದ ಜ್ಞಾನಿಗಳು. ಶಿಲುಬೆಯ ತೋಳುಗಳ ನಡುವೆ ಅಂತಿಮ ತೀರ್ಪು. ಮಧ್ಯದಲ್ಲಿ ಕ್ರಿಸ್ತ, ಒಂದು ಕಡೆ ಉದ್ಧಾರ ಆದವರ ಸಾಲು, ಇನ್ನೊಂದು ಕಡೆ ಪಾಪಿಗಳನ್ನು ತಿವಿಯುತ್ತಾ ಅಟ್ಟುವ ಸೈತಾನ. ಕ್ರಿಸ್ತನ ಕಾಲಡಿಯಲ್ಲಿ ದೇವದೂತ ಮಿಕಾಯೇಲ ತಕ್ಕಡಿ ಹಿಡಿದು ಆತ್ಮ ತೂಗುತ್ತಿದ್ದಾನೆ. ತಕ್ಕಡಿಯ ಕೆಳಗೆ ಒಂದು ಪಿಶಾಚಿ ಅಂಗಾತ ಮಲಗಿ ತಟ್ಟೆಯನ್ನು ತನ್ನ ಕಡೆ ಎಳೆಯಲು ನೋಡುತ್ತಿದೆ. ಕಲ್ಲುಕುಟಿಗನಿಗೆ ಸಂತೆಯಲ್ಲಿ ತೂಕದ ಮೋಸ ನೋಡಿ ಗೊತ್ತಿತ್ತು ಅಂತ ನನಗೆ ಪ್ರತಿ ಸಲವೂ ಅನಿಸುತ್ತದೆ. ತುತ್ತತುದಿಗೆ ಒಂದು ಪುಟ್ಟ ಮನೆಯಾಕಾರ ಇದೆ, ಇಳಿಜಾರು ಚಾವಣಿಯ ಸಮೇತ. ಆ ಕಾಲದ ಚರ್ಚಿನ ರೂಪ ಅದು ಎಂದು ತಿಳಿದವರು ಹೇಳುತ್ತಾರೆ.

ಅಂದರೆ ಶಿಲುಬೆ ಮೊದಲು ಬಂತು, ನೀವು ಕಂಡ ಸಮಾಧಿ ಕಲ್ಲುಗಳು ಬಹಳ ಆಮೇಲೆ ಅದರ ಸುತ್ತ ಸೇರಿಕೊಂಡವು. ನಿಮ್ಮ ಗೊಂದಲಕ್ಕೆ ಮೂಲ ಕಾರಣ ಇದೇ. ಐರ್ಲೆಂಡಿನ ಹಳ್ಳಿ ಸ್ಮಶಾನ ಒಂದೇ ಕಾಲದಲ್ಲಿ, ಒಂದೇ ನಕ್ಷೆ ಹಿಡಿದು ಮಾಡಿದ್ದಲ್ಲ. ಹಳೆ ಮನೆಗೆ ತಲೆಮಾರಿಗೊಂದು ಕೋಣೆ ಸೇರಿಸುತ್ತಾ ಹೋದ ಹಾಗೆ ಬೆಳೆದದ್ದು. ನಾವು ಒಳಗೆ ಹೋದ ತಕ್ಷಣ ಅಕ್ಷರ ಇರುವ ಕಲ್ಲಿನ ಮುಂದೆ ನಿಲ್ಲುತ್ತೇವೆ. ಸಾಮಾನ್ಯ ಜನರ ಸಮಾಧಿಗೆ ಅಕ್ಷರ ಬಂದದ್ದು ಕಟ್ಟಕಡೆಗೆ. ಅದಕ್ಕೇ ನಾನು ಹೇಳುವ ಕ್ರಮ ತಿರುಗುಮುರುಗು: ಮೊದಲು ಎಲ್ಲೆ, ಆಮೇಲೆ ಚರ್ಚು, ಆಮೇಲೆ ನೆಲ. ಬರಹ ಕೊನೆಗೆ.

ಎಲ್ಲೆಯಿಂದ ಶುರು ಮಾಡೋಣ. ಮೊನಾಸ್ಟರ್‌ಬಾಯ್ಸ್ ಮಠವನ್ನು ಸಂತ ಬುಯ್ಟೆ ಕಟ್ಟಿದ. ಅವನು ತೀರಿಕೊಂಡದ್ದು ಸುಮಾರು 521ರಲ್ಲಿ ಎನ್ನುತ್ತವೆ ಹಳೆಯ ದಾಖಲೆಗಳು. ಆ ಕಾಲದ ಐರಿಷ್ ಮಠಗಳಿಗೆ ಸುತ್ತ ದುಂಡಗೆ ಮಣ್ಣಿನ ದಿಬ್ಬ, ಕಂದಕ ಅಥವಾ ಕಲ್ಲಿನ ಗೋಡೆ ಇರುತ್ತಿತ್ತು. ದೊಡ್ಡ ಮಠಗಳಿಗೆ ಇಂಥ ಸುತ್ತು ಎರಡು, ಮೂರು. ತೀರಾ ಒಳಗಿನ ಸುತ್ತಿನಲ್ಲಿ ಚರ್ಚು ಮತ್ತು ಸಮಾಧಿ. ಹೊರಗಿನ ಸುತ್ತುಗಳಲ್ಲಿ ವಾಸದ ಗುಡಿಸಲು, ಕುಲುಮೆ, ದನಕರು. ಉತ್ತರದ ಡೌನ್ ಕೌಂಟಿಯ ನೆಂಡ್ರಮ್‌ನಲ್ಲಿ ಒಂದರೊಳಗೊಂದು ಮೂರು ಕಲ್ಲಿನ ಗೋಡೆಗಳು ಈಗಲೂ ಕಾಣುತ್ತವೆ. ಮೊನಾಸ್ಟರ್‌ಬಾಯ್ಸ್‌ನಲ್ಲಿ ಈಗ ಇರುವ ಗೋಡೆ ಮಠದ ಕಾಲದ್ದಲ್ಲ. ಹಳೆಯ ಸುತ್ತುಗಳು ಹೊರಗಿನ ಹೊಲಗಳ ಮಣ್ಣಿನಡಿ ಇವೆ, ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಅವುಗಳ ಗುರುತು ಸಿಗುತ್ತದೆ. ನೀವು ನೋಡಿ ಬಂದದ್ದು ಒಂದು ಊರಿನಷ್ಟು ದೊಡ್ಡ ಮಠದ ನಡುಭಾಗ ಮಾತ್ರ.

ಬೇರೆ ಹಳ್ಳಿಗಳಲ್ಲಿ ಈ ದುಂಡು ಇನ್ನೂ ಸುಲಭವಾಗಿ ಕಾಣಿಸುತ್ತದೆ. ನೆಟ್ಟಗೆ ಬರುತ್ತಿದ್ದ ರಸ್ತೆ ಸ್ಮಶಾನದ ಹತ್ತಿರ ಬಂದಾಗ ಸುಮ್ನೆ ಬಳಸಿಕೊಂಡು ಹೋಗುತ್ತಿದ್ದರೆ ಅನುಮಾನ ಪಡಿ. ರಸ್ತೆಗಿಂತ ಮೊದಲೇ ಅಲ್ಲೊಂದು ಎಲ್ಲೆ ಇತ್ತು, ರಸ್ತೆ ಅದಕ್ಕೆ ದಾರಿ ಬಿಟ್ಟಿದೆ. ಗೋಡೆ ಮೂಲೆಯಿಲ್ಲದೆ ಬಾಗಿದ್ದರೂ ಅದೇ ಸುಳಿವು. ಚೌಕಾಕಾರದ ಸ್ಮಶಾನವಾದರೆ ಸಾಮಾನ್ಯವಾಗಿ ತೀರಾ ಈಚಿನದು. ಒಂದು ಬದಿ ಬಾಗಿ, ಉಳಿದ ಮೂರು ಬದಿ ನೆಟ್ಟಗಿದ್ದರೆ ಹಳೆ ಸ್ಮಶಾನವನ್ನು ಆಮೇಲೆ ವಿಸ್ತರಿಸಿರಬಹುದು.

ಇನ್ನು ಚರ್ಚು ಮತ್ತು ಗೋಪುರ. ಗೋಪುರ ಗಂಟೆ ಬಾರಿಸಲು ಕಟ್ಟಿದ್ದು. ತಲೆ ಮುರಿದಿದ್ದರೂ ಈಗಲೂ ಸುಮಾರು 28 ಮೀಟರ್ ಇದೆ. ಬಾಗಿಲು ನೆಲದಿಂದ ಮೇಲಿದೆ, ಗಮನಿಸಿದಿರಾ? ಕಡಲಾಚೆಯಿಂದ ಬರುತ್ತಿದ್ದ ವೈಕಿಂಗ್ ಕೊಳ್ಳೆಗಾರರ ದಾಳಿಯಿಂದ ತಪ್ಪಿಸಿಕೊಳ್ಳಲು ಹೀಗೆ ಮಾಡಿದರು ಎಂಬ ಕಥೆ ಎಲ್ಲ ಕಡೆ ಕೇಳಿಬರುತ್ತದೆ. ತಳ ಗಟ್ಟಿ ಇರಲಿ ಎಂದು ಬಾಗಿಲನ್ನು ಮೇಲಕ್ಕೆ ಇಟ್ಟರು ಎನ್ನುವುದು ನನಗೆ ಜಾಸ್ತಿ ಒಪ್ಪುವ ಮಾತು. ಅಡಗಿಕೊಳ್ಳಲು ಅದು ಒಳ್ಳೆಯ ಜಾಗವೇನೂ ಆಗಿರಲಿಲ್ಲ. 1097ರಲ್ಲಿ ಈ ಗೋಪುರಕ್ಕೆ ಬೆಂಕಿ ಬಿದ್ದು ಒಳಗಿದ್ದ ಪುಸ್ತಕಗಳೂ ಒಡವೆ ವಸ್ತುಗಳೂ ಸುಟ್ಟುಹೋದವು. ಒಳಗೆ ಮರದ ಅಟ್ಟಗಳಿದ್ದ ಉದ್ದನೆ ಕೊಳವೆ ಅದು. ಕಿಡಿ ಬಿದ್ದರೆ ಹೊಗೆಕೊಳವೆಯ ಹಾಗೆಯೇ ಉರಿಯುತ್ತದೆ.

1142ರಲ್ಲಿ ಪಕ್ಕದ ಮೆಲಿಫಾಂಟ್‌ನಲ್ಲಿ ಸಿಸ್ಟರ್ಸಿಯನ್ ಪಂಥದ ಹೊಸ ಮಠ ಶುರುವಾಯಿತು. ಐರ್ಲೆಂಡಿನಲ್ಲಿ ಆ ಪಂಥದ ಮೊದಲ ಮಠ. ಮೊನಾಸ್ಟರ್‌ಬಾಯ್ಸ್‌ನ ಕಾಲ ಅಲ್ಲಿಗೆ ಇಳಿಯಿತು. ಅದೇ ಹೊತ್ತಿಗೆ ದೇಶದ ಚರ್ಚು ವ್ಯವಸ್ಥೆಯೇ ಬದಲಾಗುತ್ತಿತ್ತು. 1111ರ ರಾತ್ ಬ್ರೆಸಲ್ ಸಭೆ, 1152ರ ಕೆಲ್ಸ್ ಸಭೆ ಮಠಗಳ ಕೈಯಿಂದ ಅಧಿಕಾರ ತೆಗೆದು ಬಿಷಪ್ಪರ ಪ್ರಾಂತ್ಯಗಳಿಗೆ ಕೊಟ್ಟವು. ನಿಧಾನವಾಗಿ ಊರೂರಿಗೆ ಧರ್ಮಕೇಂದ್ರಗಳಾದವು. ಮಠದ ಚರ್ಚು ಊರ ಚರ್ಚಾಯಿತು, ಸನ್ಯಾಸಿಗಳನ್ನು ಹೂಳುವ ಜಾಗ ಊರಿನವರನ್ನು ಹೂಳುವ ಜಾಗವಾಯಿತು. ಎಷ್ಟೋ ಹಳ್ಳಿ ಸ್ಮಶಾನಗಳ ಕಥೆ ಇದೇ. ನಡುವೆ ಇರುವ ಪಾಳು ಗೋಡೆ ಸಾಮಾನ್ಯವಾಗಿ ಆ ಊರ ಚರ್ಚಿನದು, ಅದಕ್ಕಿಂತ ಹಳೆಯ ಮರದ ಚರ್ಚು ಅದೇ ಜಾಗದಲ್ಲಿ ಎಂದೋ ಕರಗಿ ಹೋಗಿರುತ್ತದೆ.

ಚಾವಣಿ ಯಾಕಿಲ್ಲ ಎನ್ನುವುದಕ್ಕೆ 16ನೇ ಶತಮಾನಕ್ಕೆ ಬರಬೇಕು. ಐರ್ಲೆಂಡಿನ ಮೇಲೂ ಅಧಿಕಾರವಿದ್ದ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ರೋಮಿನ ಪೋಪರಿಂದ ಬೇರೆಯಾದ ಮೇಲೆ ಊರ ಚರ್ಚುಗಳೂ ಅವುಗಳ ಸ್ಮಶಾನಗಳೂ ಸರ್ಕಾರಿ ಪ್ರೊಟೆಸ್ಟಂಟ್ ಚರ್ಚಿನ ಕೈಗೆ ಹೋದವು. ಊರಿನ ಜನ ಮಾತ್ರ ಬಹುಪಾಲು ಕ್ಯಾಥೊಲಿಕರಾಗಿಯೇ ಉಳಿದರು. ಬರುವವರೇ ಇಲ್ಲದ ಕಟ್ಟಡವನ್ನು ಯಾರು ರಿಪೇರಿ ಮಾಡುತ್ತಾರೆ? ಚಾವಣಿ ಬಿತ್ತು, ಗೋಡೆ ನಿಂತಿತು. ಯುದ್ಧಗಳು ಉಳಿದದ್ದನ್ನು ಕೆಡವಿದವು.

ಆದರೆ ಹೆಣ ಹೂಳುವುದು ನಿಲ್ಲಲಿಲ್ಲ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಮೇಲಿನ ಧಣಿ ಯಾರಾದರೇನು, ಅಪ್ಪ ಅಜ್ಜ ಮಲಗಿರುವ ಕಡೆಯೇ ತಾವೂ ಮಲಗಬೇಕು ಎಂಬ ಹಟ ಜನರಿಗಿತ್ತು. 1697ರ ಒಂದು ಕಾನೂನು ಮುಚ್ಚಿದ ಮಠಗಳ ಜಾಗದಲ್ಲಿ ಹೂಳುವುದನ್ನೇ ನಿಷೇಧಿಸಿತು. ಜನ ಅದಕ್ಕೆ ಕಿವಿಗೊಡಲಿಲ್ಲ. ಕ್ಯಾಥೊಲಿಕರಿಗೆ ತಮ್ಮದೇ ಸ್ಮಶಾನ ಅಂತ ಸಿಗಲು ಶುರುವಾದದ್ದು 19ನೇ ಶತಮಾನದಲ್ಲಿ. ಡಬ್ಲಿನ್ನಿನ ಗ್ಲಾಸ್ನೆವಿನ್ ಸ್ಮಶಾನ 1832ರಲ್ಲಿ ತೆರೆಯಿತು, ಅದರ ಹಿಂದೆ ಇದ್ದವರು ಕ್ಯಾಥೊಲಿಕರ ಹಕ್ಕಿಗಾಗಿ ಹೋರಾಡಿದ ನಾಯಕ ಡೇನಿಯಲ್ ಓಕಾನಲ್. ಹಳ್ಳಿಗಳಲ್ಲಿ ಹೊಸ ಚರ್ಚು, ಹೊಸ ಸ್ಮಶಾನ ಬಂದ ಮೇಲೂ ಎಷ್ಟೋ ಮನೆತನಗಳು ಹಳೆ ಜಾಗ ಬಿಡಲಿಲ್ಲ. ಮೊನಾಸ್ಟರ್‌ಬಾಯ್ಸ್‌ನಲ್ಲಿ ಹಳೆ ಶಿಲುಬೆಯ ಪಕ್ಕ ನೀವು ಕಂಡ ಹೊಸ ಗ್ರಾನೈಟ್ ಕಲ್ಲಿನ ಗುಟ್ಟು ಅಷ್ಟೇ. ಅದು ಯಾರೋ ಅತಿಕ್ರಮಿಸಿದ್ದಲ್ಲ, ತಲತಲಾಂತರದ ಹಕ್ಕು.

ಚರ್ಚಿನ ಒಳಗಿನ ಸಮಾಧಿಗೂ ಇದೇ ಉತ್ತರ, ಸ್ವಲ್ಪ ಅಂತಸ್ತಿನ ಲೆಕ್ಕ ಸೇರಿಸಿದರೆ. ಚಾವಣಿ ಇದ್ದಾಗ ಒಳಗೆ, ಅದರಲ್ಲೂ ಪೂರ್ವದ ಬಲಿಪೀಠದ ಹತ್ತಿರ, ಜಾಗ ಸಿಗುತ್ತಿದ್ದದ್ದು ಪಾದ್ರಿಗಳಿಗೆ ಮತ್ತು ಜಮೀನ್ದಾರರಿಗೆ. ಚಾವಣಿ ಬಿದ್ದ ಮೇಲೆ ಪೂಜೆ ನಿಂತರೂ ಆ ನೆಲದ ಬೆಲೆ ಇಳಿಯಲಿಲ್ಲ. ಅನುಕೂಲ ಇದ್ದ ರೈತ ಮನೆತನಗಳೂ ಒಳಗೆ ಜಾಗ ಹಿಡಿದವು. ಕೆಲವು ಕಡೆ ಇಡೀ ಪಾಳು ಚರ್ಚಿನ ಒಂದು ಭಾಗಕ್ಕೆ ಗೋಡೆ ಕಟ್ಟಿ, ಗೇಟು ಹಾಕಿ, ಒಂದೇ ಮನೆತನದ ಸಮಾಧಿ ಕೋಣೆ ಮಾಡಿಕೊಂಡಿರುವುದನ್ನೂ ನೋಡುತ್ತೀರಿ.

ಈಗ ನೆಲ. ಹಳೆ ಸ್ಮಶಾನದ ಗೋಡೆಯ ಹೊರಗೆ ನಿಂತು ಒಳಗಿನ ಮಟ್ಟ ಎಷ್ಟಿದೆ ನೋಡಿ. ಒಳಗಿನ ನೆಲ ಸಾಮಾನ್ಯವಾಗಿ ಹೊರಗಿನ ರಸ್ತೆಗಿಂತ ಎತ್ತರ ಇರುತ್ತದೆ, ಎಷ್ಟೋ ಕಡೆ ಮೊಣಕಾಲಿನಿಂದ ಸೊಂಟದ ತನಕ. ಚರ್ಚಿನ ಬಾಗಿಲು ಕುಳ್ಳಗೆ ಕಂಡರೆ ಆ ಕಾಲದವರು ಕುಳ್ಳರಾಗಿದ್ದರು ಅಂತಲ್ಲ, ಹೊಸ್ತಿಲು ಮಣ್ಣಿನಡಿ ಹೋಗಿದೆ. ನೂರಾರು ವರ್ಷ ಒಂದೇ ತುಂಡು ನೆಲದಲ್ಲಿ ಹೂಳಿದರೆ ಇನ್ನೇನಾಗುತ್ತದೆ? ಪ್ರತಿ ಗುಂಡಿಯಿಂದ ಬಂದ ಮಣ್ಣು ಪೂರ್ತಿ ವಾಪಸ್ಸು ಹೋಗುವುದಿಲ್ಲ. ಬಿದ್ದ ಚರ್ಚಿನ ಕಲ್ಲು ಗಾರೆಯೂ ಅದರ ಜೊತೆ ಸೇರುತ್ತದೆ. ಒಂದೇ ಮನೆಯವರನ್ನು ಒಂದೇ ಗುಂಡಿಯಲ್ಲಿ ಒಬ್ಬರ ಮೇಲೊಬ್ಬರನ್ನು ಹೂಳುವುದು ರೂಢಿ. ತೋಡುವಾಗ ಹಳೆ ಮೂಳೆ ಸಿಕ್ಕರೆ ಬದಿಗಿಟ್ಟು ಮತ್ತೆ ಅಲ್ಲೇ ಹಾಕುತ್ತಿದ್ದರು. ಹುಲ್ಲಿನಲ್ಲಿ ಕಾಲಿಗೆ ಸಿಗುವ ಏರುತಗ್ಗೆಲ್ಲ ಒಂದೊಂದು ಸಮಾಧಿಯೇ. ನಡೆಯುವಾಗ ಹುಷಾರು, ಕೆಲವು ಕಡೆ ಕೆಳಗೆ ಟೊಳ್ಳು ಇರುತ್ತದೆ.

ದಿಕ್ಕು ಕೂಡ ಸುಮ್ನೆ ಬಂದದ್ದಲ್ಲ. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಕಡೆಯ ದಿನ ಕ್ರಿಸ್ತ ಪೂರ್ವದಿಂದ ಬರುತ್ತಾನೆ, ಸತ್ತವರು ಎದ್ದಾಗ ಅವನ ಮುಖ ಕಾಣಬೇಕು ಎಂಬ ನಂಬಿಕೆ. ಕೆಲವು ಕಡೆ ಪಾದ್ರಿಯನ್ನು ತಿರುಗಿಸಿ ಹೂಳುತ್ತಿದ್ದರು, ಎದ್ದಾಗ ತನ್ನ ಮಂದಿಗೆ ಎದುರಾಗಿ ನಿಲ್ಲಲಿ ಅಂತ. ದಕ್ಷಿಣದ ಬದಿಗೆ ಬೇಡಿಕೆ ಜಾಸ್ತಿ, ಬಿಸಿಲು ಬೀಳುವ ಕಡೆ ಅದು. ಉತ್ತರದಲ್ಲಿ ಚರ್ಚಿನ ನೆರಳು. ಅಲ್ಲಿಗೆ ಯಾರಿಗೂ ಮನಸ್ಸಿಲ್ಲ. ಪರಸ್ಥಳದವರು, ಆತ್ಮಹತ್ಯೆ ಮಾಡಿಕೊಂಡವರು, ಊರು ಒಪ್ಪದವರು ಆ ಕಡೆ. ಇದರಿಂದ ಒಂದು ಮಜಾ ಆಗಿದೆ. ದಕ್ಷಿಣ ತುಂಬಿದ ಮೇಲೆ ಬೇರೆ ದಾರಿ ಇಲ್ಲದೆ ಉತ್ತರಕ್ಕೂ ಹೋಗಬೇಕಾಯಿತು. ಹಾಗಾಗಿ ಎಷ್ಟೋ ಸ್ಮಶಾನಗಳಲ್ಲಿ ಹಳೆ ಬರಹದ ಕಲ್ಲು ಚರ್ಚಿನ ದಕ್ಷಿಣಕ್ಕೆ ಒತ್ತೊತ್ತಾಗಿ ಇರುತ್ತದೆ. ಹೊಳೆಯುವ ಹೊಸ ಕಲ್ಲು ಉತ್ತರದಲ್ಲಿ, ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ ಮೂಲೆಯಲ್ಲಿ.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಮೋಟು ಕಲ್ಲುಗಳಿಗೆ ಬನ್ನಿ. ಅಕ್ಷರ ಇಲ್ಲದ ಆ ಕಲ್ಲುಗಳನ್ನು ಜನ ಕಸದ ಹಾಗೆ ದಾಟಿಕೊಂಡು ಹೋಗುತ್ತಾರೆ. ಹಳ್ಳಿ ಸ್ಮಶಾನದಲ್ಲಿ ಮಲಗಿರುವ ಬಹುಪಾಲು ಜನರ ಗುರುತು ಅವೇ, ಅದೂ ಇದ್ದರೆ. ಹೊಲದಿಂದ ತಂದ ಒಂದು ಕಲ್ಲು ತಲೆಗೆ, ಇನ್ನೊಂದು ಕಾಲಿಗೆ. ಯಾರದು ಅಂತ ಮನೆಯವರಿಗೆ ಗೊತ್ತಿತ್ತು, ಸಾಕಿತ್ತು. ಮನೆಯವರು ಹೋದ ಮೇಲೆ ಹೆಸರೂ ಹೋಯಿತು. ಕೂತು ಗಮನವಿಟ್ಟು ನೋಡಿದರೆ ಕೆಲವು ಕಲ್ಲುಗಳಲ್ಲಿ ಉಳಿ ಹಾಕಿದ ಅಂಚು, ಬಾಗಿದ ತುಣುಕು, ಗಾಜು ಕೂರಿಸಲು ಕೊರೆದ ಸಂದು ಕಾಣುತ್ತದೆ. ಅವು ಬಿದ್ದ ಚರ್ಚಿನ ಕಿಟಕಿ ಬಾಗಿಲಿನ ಚೂರುಗಳು. ಬಡವರು ಕೈಗೆ ಸಿಕ್ಕ ಒಳ್ಳೆಯ ಕಲ್ಲನ್ನು ತಮ್ಮವರ ತಲೆಯ ಹತ್ತಿರ ನಿಲ್ಲಿಸಿದರು. ಇಂಥ ಚೂರಿನಿಂದಲೇ ಕಳೆದುಹೋದ ಕಿಟಕಿ ಹೇಗಿತ್ತು, ಯಾವ ಶತಮಾನದ್ದು ಅಂತ ಹೇಳಲು ಆಗುತ್ತದೆ. ಅದಕ್ಕೇ ಹುಲ್ಲು ಕತ್ತರಿಸಲು ಅಡ್ಡಿ ಅಂತ ಯಾರಾದರೂ ಅವನ್ನು ಕಿತ್ತು ಗೋಡೆ ಪಕ್ಕ ರಾಶಿ ಹಾಕಿದ್ದು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿರುತ್ತಾರೆ, ಆದರೆ ಆ ಸಮಾಧಿಗೆ ಇದ್ದದ್ದು ಅದೊಂದೇ ಸಾಕ್ಷಿ.

ಕಲ್ಲೇ ಇಲ್ಲದ ಜಾಗವೂ ಖಾಲಿ ಅಲ್ಲ. 1845ರಿಂದ 1852ರ ತನಕದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಆಲೂಗಡ್ಡೆಗೆ ರೋಗ ಬಂತು. ಅದನ್ನು ಬಿಟ್ಟು ಬೇರೆ ಆಹಾರವಿಲ್ಲದ ಬಡ ಗೇಣಿದಾರರು ಹಸಿವಿನಿಂದ ಅಷ್ಟೇ ಅಲ್ಲ, ಜ್ವರ ಭೇದಿಯಿಂದಲೂ ಸಾಲುಸಾಲಾಗಿ ಸತ್ತರು. ಹೆಣದ ಪೆಟ್ಟಿಗೆಗೂ ಗತಿ ಇಲ್ಲ. ತಳಕ್ಕೆ ತಿರುಗಣೆ ಹಾಕಿದ ಪೆಟ್ಟಿಗೆಗಳನ್ನು ಬಳಸಿದರು. ಹೆಣ ಗುಂಡಿಗೆ ಜಾರಿದ ಮೇಲೆ ಪೆಟ್ಟಿಗೆ ಮುಂದಿನ ಹೆಣಕ್ಕೆ. ದಕ್ಷಿಣದ ಸ್ಕಿಬರೀನ್ ಊರಿನ ಹೊರಗೆ ಅಬ್ಬಿಸ್ಟ್ರೂರಿ ಸ್ಮಶಾನದಲ್ಲಿ ಸಾವಿರಾರು ಜನರನ್ನು ಹೂಳಿದ ಗುಂಡಿಗಳ ಮೇಲೆ ಈಗ ಬರೀ ಹುಲ್ಲು. ಎಲ್ಲ ಕಡೆ ಒತ್ತಾಗಿ ಕಲ್ಲುಗಳಿದ್ದು ಮಧ್ಯೆ ಒಂದು ತುಂಡು ಬಯಲು ಉಳಿದಿದ್ದರೆ ಊರಿನ ಹಿರಿಯರನ್ನು ಕೇಳಿ. ಅಲ್ಲಿ ಯಾಕೆ ಯಾರೂ ಗುಂಡಿ ತೋಡುವುದಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ಬಗೆಯ ಮೋಟು ಕಲ್ಲುಗಳಿವೆ. ತೀರಾ ಚಿಕ್ಕವು, ಒಂದರ ಪಕ್ಕ ಒಂದು. ಅವು ಕೂಸುಗಳದ್ದು. ಜ್ಞಾನಸ್ನಾನ, ಅಂದರೆ ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ವಿಧಿ, ಆಗುವ ಮೊದಲೇ ತೀರಿಕೊಂಡ ಮಗುವಿಗೆ ಪವಿತ್ರ ನೆಲದಲ್ಲಿ ಜಾಗ ಇಲ್ಲ ಎಂದು ಚರ್ಚು ಹೇಳುತ್ತಿತ್ತು. ಅಂಥ ಕೂಸುಗಳಿಗೆ ಬೇರೆಯೇ ಜಾಗ. ಅವನ್ನು ಕಿಲ್ಲೀನ್ ಅನ್ನುತ್ತಾರೆ. ಬಿಟ್ಟುಹೋದ ಹಳೆ ಚರ್ಚಿನ ಅಂಗಳ, ಊರ ಗಡಿ, ಕಡಲ ದಂಡೆ, ಸ್ಮಶಾನದ ಗೋಡೆಯ ಹೊರಬದಿ. ಅಪ್ಪನೋ ಚಿಕ್ಕಪ್ಪನೋ ಕತ್ತಲಾದ ಮೇಲೆ ಎತ್ತಿಕೊಂಡು ಹೋಗಿ ಹೂಳಿ ಬರುತ್ತಿದ್ದರು. ಪ್ರಾರ್ಥನೆ ಇಲ್ಲ, ಪಾದ್ರಿ ಇಲ್ಲ. ಎಷ್ಟೋ ಸಲ ತಾಯಿಗೆ ಜಾಗವೂ ತಿಳಿಯುತ್ತಿರಲಿಲ್ಲ. 20ನೇ ಶತಮಾನದ ಮಧ್ಯದವರೆಗೂ ಇದು ನಡೆಯಿತು, ಅಂದರೆ ನೆನಪಿರುವ ಮಂದಿ ಇನ್ನೂ ಇದ್ದಾರೆ. ಇಂಥ ಜಾಗಗಳು ಐರ್ಲೆಂಡಿನಲ್ಲಿ ಸಾವಿರಕ್ಕೂ ಜಾಸ್ತಿ ಗುರುತಾಗಿವೆ, ಪಶ್ಚಿಮದ ಗಾಲ್ವೇ, ಮೇಯೋ ಕಡೆ ಹೆಚ್ಚು. 2007ರಲ್ಲಿ ವ್ಯಾಟಿಕನ್ನಿನ ಧರ್ಮಪಂಡಿತರ ಸಮಿತಿ ಇಂಥ ಮಕ್ಕಳಿಗೂ ಮೋಕ್ಷ ಸಿಗುತ್ತದೆಂದು ಆಶಿಸಲು ಕಾರಣಗಳಿವೆ ಎಂದಿತು. ಎಷ್ಟೋ ಊರವರು ತಾವೇ ಮುಂದೆ ಬಂದು ಅಲ್ಲಿ ಪ್ರಾರ್ಥನೆ ಮಾಡಿಸಿ ಕಲ್ಲು ನಿಲ್ಲಿಸಿದ್ದಾರೆ. ಇಂಥ ಜಾಗದಲ್ಲಿ ಫೋಟೊ ತೆಗೆಯುವ ಮೊದಲು ಒಂದು ಸಲ ಯೋಚಿಸಿ.

ಕೊನೆಗೆ ಬರಹ. ಸಾಮಾನ್ಯ ಜನರ ಹೆಸರು ಕಲ್ಲಿಗೆ ಬಂದದ್ದು ಹೆಚ್ಚುಕಡಿಮೆ 1700ರ ನಂತರ. ಅದಕ್ಕೂ ಮೊದಲು ಕೆತ್ತಿದ ಕಲ್ಲು ದೊಡ್ಡವರಿಗೆ ಮಾತ್ರ. 18ನೇ ಶತಮಾನದಲ್ಲಿ ಸ್ವಲ್ಪ ಕಾಸು ಕಂಡ ರೈತರು, ವ್ಯಾಪಾರಿಗಳು ಊರಿನ ಕಲ್ಲುಕುಟಿಗನಿಗೆ ಕೆಲಸ ಕೊಡತೊಡಗಿದರು. ನನಗೆ ತುಂಬ ಇಷ್ಟ ಈ ಕಾಲದ ಕಲ್ಲುಗಳು. ಸಾಲು ಮುಗಿಯುವಷ್ಟರಲ್ಲಿ ಜಾಗ ಮುಗಿದು ಉಳಿದ ಅಕ್ಷರವನ್ನು ಮೇಲೆ ಚಿಕ್ಕದಾಗಿ ತುರುಕಿರುತ್ತಾನೆ. ಒಂದು ಪದವನ್ನು ಎಲ್ಲೆಂದರಲ್ಲಿ ಮುರಿದು ಮುಂದಿನ ಸಾಲಿಗೆ ಹಾಕಿರುತ್ತಾನೆ. ಬಿಟ್ಟುಹೋದ ಅಕ್ಷರವನ್ನು ಬಾಣದ ಗುರುತು ಹಾಕಿ ಸೇರಿಸಿರುತ್ತಾನೆ. ಕಲ್ಲಿನಲ್ಲಿ ಅಳಿಸಲು ಆಗುವುದಿಲ್ಲವಲ್ಲ! ಐರಿಷ್ ಮಾತಾಡುವ ಊರುಗಳಲ್ಲೂ ಬರಹ ಮಾತ್ರ ಇಂಗ್ಲಿಷ್. ಕಲ್ಲಿನ ಮೇಲೆ ಐರಿಷ್ ಮತ್ತೆ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ 19ನೇ ಶತಮಾನದ ಕೊನೆಯ ಭಾಷಾ ಚಳವಳಿಯ ನಂತರ.

ಓದುವಾಗ ಮೊದಲ ಹೆಸರು ಸತ್ತವರದ್ದು ಎಂದುಕೊಳ್ಳಬೇಡಿ. ಹೆಚ್ಚಿನ ಕಲ್ಲುಗಳಲ್ಲಿ ಮೊದಲು ಬರುವುದು ಕಲ್ಲು ಹಾಕಿಸಿದವನ ಹೆಸರು. ಇಂಥವನು ತನ್ನ ತಂದೆ ಇಂಥವನಿಗಾಗಿ ನಿಲ್ಲಿಸಿದ್ದು, ಎಂದು. ಹೆಂಡತಿಯ ಹೆಸರಿನ ಜೊತೆ ‘ಅಲಿಯಾಸ್’ ಅಂತ ಹಾಕಿ ತವರಿನ ಮನೆತನವನ್ನೂ ಬರೆದಿರುತ್ತಾರೆ. ವಂಶ ಹುಡುಕುವವರಿಗೆ ಇದು ಚಿನ್ನ. ಯಾಕೆಂದರೆ 1922ರ ಜೂನ್ ಕೊನೆಯಲ್ಲಿ, ಅಂತರ್ಯುದ್ಧದ ಹೊತ್ತಿಗೆ, ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ ಸುಟ್ಟುಹೋಯಿತು. 19ನೇ ಶತಮಾನದ ಮೊದಲರ್ಧದ ಜನಗಣತಿ, ಎಷ್ಟೋ ಪ್ರೊಟೆಸ್ಟಂಟ್ ಚರ್ಚುಗಳ ರಿಜಿಸ್ಟರು ಎಲ್ಲ ಬೂದಿ. ಎಲ್ಲರ ಸಾವನ್ನೂ ಸರ್ಕಾರ ನೋಂದಾಯಿಸಲು ಶುರುಮಾಡಿದ್ದೇ 1864ರಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಮನೆತನಗಳಿಗೆ ಸ್ಮಶಾನದ ಕಲ್ಲೇ ಕಾಗದಪತ್ರ.

ಬರಹದ ಮೇಲಿನ ಚಿತ್ರಗಳನ್ನೂ ನೋಡಿ. ಕ್ಯಾಥೊಲಿಕ್ ಕಲ್ಲುಗಳಲ್ಲಿ ಯೇಸುವಿನ ಹೆಸರಿನ ಗುರುತಾದ ಐಎಚ್‌ಎಸ್ ಅಕ್ಷರಗಳು, ನಡುವಿನ ಅಕ್ಷರದ ಮೇಲೊಂದು ಶಿಲುಬೆ. ಸೂರ್ಯ, ಚಂದ್ರ, ಏಣಿ, ಸುತ್ತಿಗೆ, ಇಕ್ಕಳ, ಮೊಳೆ, ಈಟಿ ಇದ್ದರೆ ಅವೆಲ್ಲ ಯೇಸುವನ್ನು ಶಿಲುಬೆಗೇರಿಸಿದ ಪ್ರಸಂಗದ ಗುರುತುಗಳು. ಕಲ್ಲಿನ ಕೆಳಗಿರುವವನು ಬಡಗಿ ಅಂತಲ್ಲ. ಪಾತ್ರೆಯ ಮೇಲೆ ನಿಂತ ಹುಂಜ ಸಿಕ್ಕರೆ ನಿಮ್ಮ ಅದೃಷ್ಟ. ಯೇಸುವನ್ನು ಹಿಡಿದುಕೊಟ್ಟ ಯೂದನ ಮನೆಯಲ್ಲಿ ಬೇಯುತ್ತಿದ್ದ ಹುಂಜ, ಯೇಸು ಮತ್ತೆ ಎದ್ದು ಬರುವುದು ನಿಜ ಎಂದು ಸಾರಲು ಪಾತ್ರೆಯಿಂದ ಎದ್ದು ಕೂಗಿತು ಎಂಬ ಜನಪದ ಕಥೆ ಅದು. ಬೈಬಲಿನಲ್ಲಿ ಇಲ್ಲ. ತಲೆಬುರುಡೆ, ಎರಡು ಮೂಳೆ ಇದ್ದರೆ ಕಡಲ್ಗಳ್ಳರ ಸಮಾಧಿ ಅಂತ ಗೈಡುಗಳು ಹೇಳುವುದುಂಟು. ನಂಬಬೇಡಿ. ಎಲ್ಲರೂ ಸಾಯುವವರೇ ಅಂತ ನೆನಪಿಸುವ ಗುರುತು, ಅಷ್ಟೆ.

ಮೋಸ ಹೋಗುವ ಜಾಗ ಇನ್ನೂ ಎರಡಿವೆ. ಸುತ್ತು ಬಳೆ ಇರುವ ಕೆಲ್ಟಿಕ್ ಶಿಲುಬೆಯ ಆಕಾರದ ಸಮಾಧಿ ಕಲ್ಲು ನೋಡಿ ಬಹಳ ಹಳೆಯದು ಅಂದುಕೊಳ್ಳುತ್ತೇವೆ. ಅವು ಹೆಚ್ಚಿನವು 19ನೇ ಶತಮಾನದ ನಡುಭಾಗದಿಂದ ಈಚಿನವು. ರಾಷ್ಟ್ರಾಭಿಮಾನ ಏರಿದಾಗ ಮೊನಾಸ್ಟರ್‌ಬಾಯ್ಸ್‌ನಂಥ ಕಡೆಯ ಹಳೆ ಶಿಲುಬೆಗಳನ್ನೇ ನೋಡಿ ಮಾಡಿದ ನಕಲು. ಇನ್ನೊಂದು ಯೂ ಮರ, ಸ್ಮಶಾನಗಳಲ್ಲಿ ಕಾಣುವ ನಿತ್ಯಹಸಿರು ಮರ. ಸಾಮಾನ್ಯ ಯೂ ನೂರಾರು ವರ್ಷ ಬದುಕುತ್ತದೆ, ನಿಜ. ಆದರೆ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಐರಿಷ್ ಯೂ ಇದೆಯಲ್ಲ, ಜಗತ್ತಿನಲ್ಲಿರುವ ಅವೆಲ್ಲ ಫರ್ಮಾನಾ ಕೌಂಟಿಯ ಫ್ಲಾರೆನ್ಸ್ ಕೋರ್ಟ್‌ನ ಒಂದೇ ತಾಯಿಮರದ ಸಂತಾನ. ಅದು ಸಿಕ್ಕಿದ್ದೇ 18ನೇ ಶತಮಾನದಲ್ಲಿ. ಸ್ಮಶಾನದಲ್ಲಿ ಆ ಮರ ಕಂಡರೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ.

ಬರಹ ಸವೆದು ಕಾಣದಿದ್ದರೆ ಸೀಮೆಸುಣ್ಣ ಉಜ್ಜಬೇಡಿ, ತಂತಿ ಬ್ರಷ್ ಹಿಡಿಯಬೇಡಿ, ಬ್ಲೀಚ್ ಹಾಕಬೇಡಿ. ಕಲ್ಲುಹೂವನ್ನು ಕೆರೆದರೆ ಅದರ ಜೊತೆ ಅಕ್ಷರವೂ ಎದ್ದು ಬರುತ್ತದೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗಿ, ಇಲ್ಲವೇ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಹೆಚ್ಚುಕಡಿಮೆ ತಾಗಿಸಿ ಹಿಡಿಯಿರಿ. ಅಕ್ಷರದ ನೆರಳು ಬಿದ್ದು ಸಾಲು ತಾನೇ ಎದ್ದು ನಿಲ್ಲುತ್ತದೆ. ಮಧ್ಯಾಹ್ನ ಏನೂ ಕಾಣದ ಕಲ್ಲು ಸಂಜೆ ಪೂರ್ತಿ ಓದಿಸಿಕೊಳ್ಳುವುದನ್ನು ನೋಡಿದರೆ ಆಶ್ಚರ್ಯ ಆಗುತ್ತದೆ. ಗೋಡೆಯ ಐವಿ ಬಳ್ಳಿ ಎಳೆಯಬೇಡಿ, ಎಷ್ಟೋ ಕಡೆ ಗೋಡೆಯನ್ನು ಹಿಡಿದುಕೊಂಡಿರುವುದೇ ಅದು. ಮೂಳೆ ಕಂಡರೆ ಮುಟ್ಟದೆ ಕೌಂಟಿ ಕೌನ್ಸಿಲ್‌ಗೆ, ಅಂದರೆ ಅಲ್ಲಿನ ಸ್ಥಳೀಯ ಆಡಳಿತಕ್ಕೆ, ತಿಳಿಸಿ. ಹಳೆ ಸ್ಮಶಾನಗಳನ್ನು ಬಹುಪಾಲು ಈಗ ನೋಡಿಕೊಳ್ಳುವುದು ಅವರೇ. ಇವು ಕಾನೂನಿನ ರಕ್ಷಣೆ ಇರುವ ಜಾಗಗಳು. ಅನುಮತಿ ಇಲ್ಲದೆ ಲೋಹಶೋಧಕ ಹಿಡಿದು ಪುರಾತನ ವಸ್ತು ಹುಡುಕುವುದು ಅಪರಾಧ. ಬೇಸಿಗೆಯಲ್ಲಿ ವರ್ಷಕ್ಕೊಮ್ಮೆ ಸಮಾಧಿಗಳನ್ನು ಆಶೀರ್ವದಿಸುವ ಭಾನುವಾರ ಬರುತ್ತದೆ. ಮನೆಮಂದಿ ಎಲ್ಲ ಬಂದು ಹುಲ್ಲು ಕಿತ್ತು ಹೂವಿಡುತ್ತಾರೆ. ಆ ದಿನ ಹೋದರೆ ಮಾತಿಗೆ ಸಿಗುವವರೂ ಸಿಗುತ್ತಾರೆ, ಯಾವ ಮೋಟು ಕಲ್ಲು ಯಾರದ್ದು ಅಂತ ಹೇಳುವವರೂ.

ಮತ್ತೆ ಮೊನಾಸ್ಟರ್‌ಬಾಯ್ಸ್‌ಗೆ ಹೋದಾಗ ಗೋಪುರದ ಹತ್ತಿರದ ಎತ್ತರದ ಶಿಲುಬೆಯನ್ನೂ ನೋಡಿ. ಐರ್ಲೆಂಡಿನಲ್ಲೇ ಅತಿ ಎತ್ತರದ್ದು ಅದು, ಆರೂವರೆ ಮೀಟರಿನ ಮೇಲೆ. 1 ಗಂಟೆ ಜಾಸ್ತಿ ಸಮಯ ಇದ್ದರೆ ನಿಮ್ಮ ಡ್ರಾಹೆಡಾದಲ್ಲೇ ಸೇಂಟ್ ಪೀಟರ್ಸ್ ಪ್ರೊಟೆಸ್ಟಂಟ್ ಚರ್ಚಿನ ಅಂಗಳಕ್ಕೆ ಹೋಗಿ ಬನ್ನಿ. ಅಲ್ಲಿನ ಗೋಡೆಯಲ್ಲಿ 16ನೇ ಶತಮಾನದ ಆರಂಭದ ಒಂದು ಗೋರಿ ಚಪ್ಪಡಿ ಕೂರಿಸಿದ್ದಾರೆ. ಎಡ್ಮಂಡ್ ಗೋಲ್ಡಿಂಗ್ ಮತ್ತು ಅವನ ಹೆಂಡತಿ ಎಲಿಜಬೆತ್ ಫ್ಲೆಮಿಂಗ್ ಅವರದು. ರೇಷ್ಮೆ ಒಡವೆ ತೊಟ್ಟ ದೊರೆಸಾನಿಯ ಬದಲು ಹೆಣದ ಬಟ್ಟೆಯಲ್ಲಿ ಸುತ್ತಿದ, ಪಕ್ಕೆಲುಬು ಎದ್ದ ಎರಡು ಶವಗಳನ್ನೇ ಕೆತ್ತಿಸಿದ್ದಾರೆ. ಮಕ್ಕಳು ಜೊತೆಗಿದ್ದರೆ ಮೊದಲೇ ಒಂದು ಮಾತು ಹೇಳಿ ಕರೆದುಕೊಂಡು ಹೋಗಿ.